ಮನೆಯಲ್ಲೇ ಟೂತ್‌ಪೇಸ್ಟ್: ಪುಡಿ ಜರಡಿ ಹಿಡಿಯುವುದರಿಂದ ಡಬ್ಬಿ ಮುಚ್ಚುವವರೆಗೆ

ಮನೆಯಲ್ಲಿ ಟೂತ್‌ಪೇಸ್ಟ್ ಮಾಡಲು ಹೋಗಿ ಕೈಬಿಟ್ಟವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಾರನೇ ದಿನ ಮುಚ್ಚಳ ತೆಗೆದರೆ ಎಣ್ಣೆ ಮೇಲೆ, ಪುಡಿ ತಳದಲ್ಲಿ. ಚಳಿ ಬಂದರೆ ಚಮಚ ಇಳಿಯದಷ್ಟು ಗಟ್ಟಿ. ಬಾಯಿಗೆ ಹಾಕಿದರೆ ಕರಕರ. ಕೆಲವರಿಗಂತೂ ಎರಡೇ ವಾರಕ್ಕೆ ಬೂಷ್ಟು.

ಸಾಮಾನು ಸರಿಯಿಲ್ಲ ಅಂತ ಮತ್ತೆ ಮತ್ತೆ ಬೇರೆ ಬೇರೆ ಸಾಮಾನು ತಂದು ಸುರಿಯುವವರೇ ಜಾಸ್ತಿ. ಆದರೆ ತಪ್ಪು ಆಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಪುಡಿ ಸಾಕಷ್ಟು ನುಣ್ಣಗಿರುವುದಿಲ್ಲ. ಎರಡು, ಎಲ್ಲೋ ಒಂದು ಕಡೆ ನೀರು ಸೇರಿರುತ್ತದೆ. ಉಳಿದದ್ದೆಲ್ಲ ಕೆಲಸದ ಕ್ರಮ ಹಿಂದುಮುಂದಾಗಿ ಆಗುವ ಎಡವಟ್ಟು. ಹಾಗಾಗಿ ಇಲ್ಲಿ ಹೇಳಿದ ಸಾಲಿನಲ್ಲೇ ಮಾಡಿ. ಬೇವು, ಅರಿಶಿನ, ತ್ರಿಫಲ ಅಂತ ನಿಮ್ಮ ಕೈಚಳಕ ತೋರಿಸುವುದೇನಿದ್ದರೂ ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

## ಶುರು ಮಾಡುವ ಮುಂಚೆ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮನೆಯ ಪೇಸ್ಟ್ ಹಲ್ಲಿನ ಮೇಲಿನ ಜಿಡ್ಡು ತೆಗೆಯುತ್ತದೆ, ಬಾಯಿ ವಾಸನೆ ಕಡಿಮೆ ಮಾಡುತ್ತದೆ, ಬಾಯಿಯ ಹುಳಿಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಅಷ್ಟೇ. ಇದರಲ್ಲಿ ಫ್ಲೋರೈಡ್ ಇಲ್ಲ. ಹುಳುಕು ತಡೆಯುವ ವಿಷಯದಲ್ಲಿ ಫ್ಲೋರೈಡ್‌ನ ಜಾಗವನ್ನು ಲವಂಗವಾಗಲಿ, ಬೇವಾಗಲಿ, ಕೊಬ್ಬರಿ ಎಣ್ಣೆಯಾಗಲಿ ತುಂಬುವುದಿಲ್ಲ. ನಮ್ಮ ದೇಶದಲ್ಲಿ ಮಾರುವ ಪೇಸ್ಟ್‌ನಲ್ಲಿ ಅದು 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಮೀರಬಾರದು ಎಂಬ ನಿಯಮ ಇದೆ. ಅಷ್ಟು ಸಣ್ಣ ಪ್ರಮಾಣವನ್ನು ಅಡುಗೆಮನೆಯಲ್ಲಿ ಅಳೆದು ಬೆರೆಸುವ ಸಾಹಸ ಮಾತ್ರ ಬೇಡವೇ ಬೇಡ.

ಪದೇ ಪದೇ ಹುಳುಕು ಬೀಳುವವರು, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು, ಔಷಧಿಯಿಂದಲೋ ವಯಸ್ಸಿನಿಂದಲೋ ಬಾಯಿ ಒಣಗುವವರು ಇದನ್ನೇ ನಂಬಿಕೊಂಡು ಕೂರಬಾರದು. ಬೆಳಗ್ಗೆ ಮನೆಯ ಪೇಸ್ಟ್, ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟ್ ಎಂದು ಮಾಡಿಕೊಂಡರೆ ನಡೆದೀತು. ರಾತ್ರಿಯದನ್ನು ಮಾತ್ರ ಬಿಡಬೇಡಿ. ಆರು ವರ್ಷದೊಳಗಿನ ಮಕ್ಕಳಿಗೆ ಈ ಪೇಸ್ಟ್ ಕೊಡದಿರುವುದೇ ಮೇಲು.

ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಒಂದು ಮಾತು. ಅಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ದಾಟಿದೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನಲ್ಲಿ ಕಾಣುವ ಕಂದು ಕಲೆ ಹಲ್ಲಿನ ಹೊರಪದರವಾದ ಎನಾಮೆಲ್‌ನ ಒಳಗೇ ಕೂತಿರುತ್ತದೆ. ಯಾವ ಪೇಸ್ಟ್ ಹಾಕಿ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಕಲೆ ತೆಗೆಯಲೆಂದು ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಹಲ್ಲೇ ಸವೆಯುತ್ತದೆ. ಅಂಥ ಊರಿನ ಮಕ್ಕಳಿಗೆ ಯಾವ ಪೇಸ್ಟ್ ಎನ್ನುವುದನ್ನು ಹಲ್ಲಿನ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

## ಹಂತ 1: ಸಾಮಾನು ತರುವುದು

ಈ ಅಳತೆಗೆ ಸುಮಾರು 100 ಗ್ರಾಂ ಪೇಸ್ಟ್ ಆಗುತ್ತದೆ. ದಿನಕ್ಕೆ ಎರಡು ಸಲ ಉಜ್ಜುವ ನಾಲ್ಕು ಜನರ ಮನೆಗೆ ಹೆಚ್ಚುಕಡಿಮೆ ಒಂದು ತಿಂಗಳು ಬರುತ್ತದೆ.

- ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ (‘ಪ್ರೆಸಿಪಿಟೇಟೆಡ್’ ಅಂದರೆ ರಾಸಾಯನಿಕ ಕ್ರಮದಲ್ಲಿ ತಯಾರಿಸಿದ ನುಣುಪು ಪುಡಿ; ಆಹಾರ ದರ್ಜೆ ಅಥವಾ ಐಪಿ, ಅಂದರೆ ಔಷಧಿಗೆ ಬಳಸುವ ದರ್ಜೆ): 50 ಗ್ರಾಂ
- ಅಡುಗೆ ಸೋಡಾ: 10 ಗ್ರಾಂ
- ಕೊಬ್ಬರಿ ಎಣ್ಣೆ: 50 ಗ್ರಾಂ (ಅಷ್ಟೂ ಬೇಕಾಗುವುದಿಲ್ಲ)
- ಲವಂಗ: 12
- ಪುದೀನಾ ಎಣ್ಣೆ (ತಿನ್ನುವ ಪದಾರ್ಥಕ್ಕೆ ಹಾಕಬಹುದಾದ ದರ್ಜೆಯದು): 8 ಹನಿ
- ಕ್ಸೈಲಿಟಾಲ್ ಪುಡಿ (ಸಿಹಿಗೆ, ಸಕ್ಕರೆಯ ಬದಲು): 5 ಗ್ರಾಂ, ಬೇಕಿದ್ದರೆ

ಮೊದಲನೆಯದರಲ್ಲೇ ಎಲ್ಲರೂ ಎಡವುವುದು. ಪೇಂಟ್ ಅಂಗಡಿಗೆ ಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಡಿ ಎಂದರೆ, ‘ಎಷ್ಟು ಮೂಟೆ?’ ಎಂದು ಕೇಳುತ್ತಾರೆ. ಅದು ಗೋಡೆಗೆ ಬಳಿಯುವ ಸರಕು. ಅದರಲ್ಲಿ ಕಲ್ಲುಪುಡಿ ಇರಬಹುದು, ಸೀಸದಂಥ ಲೋಹವೂ ಇರಬಹುದು. ಪ್ಯಾಕೆಟ್ ಮೇಲೆ ದರ್ಜೆ ಬರೆದಿಲ್ಲದಿದ್ದರೆ ತರಬೇಡಿ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸರಿಯಾದದ್ದು ಸಿಗುತ್ತದೆ.

ಕ್ಯಾಲ್ಸಿಯಂ ತಾನೇ ಅಂತ ಎಲೆ ಅಡಿಕೆಯ ಸುಣ್ಣ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಒಸಡು, ನಾಲಿಗೆ ಎಲ್ಲ ಸುಟ್ಟುಹೋಗುತ್ತದೆ. ಬೋರ್ಡ್ ಮೇಲೆ ಬರೆಯುವ ಸೀಮೆಸುಣ್ಣವೂ ಆಗುವುದಿಲ್ಲ. ಈಗಿನ ಬಹುತೇಕ ಸೀಮೆಸುಣ್ಣ ಜಿಪ್ಸಂನಿಂದ ಮಾಡಿದ್ದು.

ಮನೆಯಲ್ಲಿರುವ ಬಿಳಿ ಪುಡಿ ಯಾವುದು ಅಂತ ಗೊತ್ತಾಗದಿದ್ದರೆ ಒಂದು ಪರೀಕ್ಷೆ ಇದೆ. ಚಿಟಿಕೆ ಪುಡಿಗೆ ನಿಂಬೆರಸ ಬಿಡಿ. ಕಾರ್ಬೊನೇಟ್ ಆದರೆ ಬುರಬುರ ಗುಳ್ಳೆ ಏಳುತ್ತದೆ. ಇನ್ನೊಂದು ಚಿಟಿಕೆಗೆ ಅರಿಶಿನದ ನೀರು ಹಾಕಿ. ತಕ್ಷಣ ಕಡುಗೆಂಪು ತಿರುಗಿದರೆ ಅದು ಸುಣ್ಣ, ಇಲ್ಲವೇ ಬಟ್ಟೆ ಸೋಡಾ. ಆರತಿಗೆ ಅರಿಶಿನ-ಸುಣ್ಣ ಕಲಸಿದಾಗ ಬರುವ ಬಣ್ಣವೇ ಅದು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಹಳದಿಯಾಗಿಯೇ ಇರುತ್ತದೆ, ಇಲ್ಲವೇ ಸ್ವಲ್ಪ ಕಿತ್ತಳೆ ಕಡೆಗೆ ತಿರುಗುತ್ತದೆ. ಕಡುಗೆಂಪು ಬಂದರೆ, ಗುಳ್ಳೆ ಎದ್ದರೂ ಏಳದಿದ್ದರೂ, ಆ ಪುಡಿಯನ್ನು ಬಾಯಿಯ ಹತ್ತಿರಕ್ಕೂ ತರಬೇಡಿ. ನೆನಪಿರಲಿ, ಈ ಪರೀಕ್ಷೆ ಸುಣ್ಣವನ್ನು ಹಿಡಿದುಕೊಡುತ್ತದೆಯೇ ಹೊರತು ದರ್ಜೆ ಹೇಳುವುದಿಲ್ಲ. ಪೇಂಟ್ ಅಂಗಡಿಯ ಪುಡಿಯೂ ಇದರಲ್ಲಿ ಪಾಸಾಗುತ್ತದೆ.

ಸೋಡಾದಲ್ಲೂ ಇಂಥದ್ದೇ ಗೊಂದಲ. ಬೇಕಿರುವುದು ಇಡ್ಲಿ, ಬೋಂಡಕ್ಕೆ ಹಾಕುವ ಅಡುಗೆ ಸೋಡಾ. ಬೇಕಿಂಗ್ ಪೌಡರ್‌ನಲ್ಲಿ ಹುಳಿ ಪದಾರ್ಥ ಮತ್ತು ಹಿಟ್ಟು ಸೇರಿರುತ್ತದೆ, ಅದು ಬೇಡ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಫ್ರೂಟ್ ಸಾಲ್ಟ್‌ನಲ್ಲೂ ಹುಳಿ ಇದೆ, ಅದೂ ಬೇಡ. ಬಟ್ಟೆ ಸೋಡಾ ಅಂತೂ ಸುಣ್ಣದ ಹಾಗೇ ಅಪಾಯ.

ಸಿಹಿಗೆ ಸಕ್ಕರೆ, ಬೆಲ್ಲ, ಜೇನುತುಪ್ಪ ಹಾಕಬೇಡಿ. ಹಲ್ಲು ತಿನ್ನುವ ಬ್ಯಾಕ್ಟೀರಿಯಾಗೆ ನೀವೇ ಊಟ ಹಾಕಿದ ಹಾಗಾಗುತ್ತದೆ. ಜೇನು ಸಹಜವಾದದ್ದಲ್ವಾ ಎನ್ನುವವರಿದ್ದಾರೆ. ಸಹಜವಾದ ಸಕ್ಕರೆಯೂ ಸಕ್ಕರೆಯೇ. ಕ್ಸೈಲಿಟಾಲ್‌ನಿಂದ ಆ ತೊಂದರೆ ಇಲ್ಲ. ಆದರೆ ಮನೆಯಲ್ಲಿ ನಾಯಿ ಇದ್ದರೆ ಅದನ್ನು ಬಿಟ್ಟೇಬಿಡಿ. ನಾಯಿಗೆ ಕ್ಸೈಲಿಟಾಲ್ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಜೀವಕ್ಕೆ ಕುತ್ತು.

ಲವಂಗವನ್ನು ಗ್ರಂಥಿಗೆ ಅಂಗಡಿಯಲ್ಲಿ ತನ್ನಿ. ತಲೆಯ ಮೊಗ್ಗು ಉದುರದೆ ಇರಬೇಕು, ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ಎಣ್ಣೆ ತೆಗೆದು ಉಳಿದ ಲವಂಗವೂ ಮಾರಾಟಕ್ಕೆ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಘಮ ಮಾತ್ರ ಇರುವುದಿಲ್ಲ.

## ಹಂತ 2: ಪಾತ್ರೆ ಪಗಡೆ ಸಜ್ಜು ಮಾಡುವುದು

ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಬೇಕೇ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಒಂದೊಂದು ಕಂಪನಿಯದು ಒಂದೊಂದು ಥರ ಹಗುರ. ಒಬ್ಬರ ನಾಲ್ಕು ಚಮಚ ಇನ್ನೊಬ್ಬರ ಏಳು ಚಮಚಕ್ಕೆ ಸಮ ಆಗಬಹುದು. ಚಮಚದ ಲೆಕ್ಕ ನಂಬಿ ಮಾಡಿದ ಪೇಸ್ಟ್ ಒಂದು ಸಲ ನೀರಾಗುವುದು, ಇನ್ನೊಂದು ಸಲ ಮುದ್ದೆಯಾಗುವುದು ಇದರಿಂದಲೇ.

ಸ್ಟೀಲ್ ಅಥವಾ ಗಾಜಿನ ಬಟ್ಟಲು ಎರಡು, ಒಂದು ಸ್ಟೀಲ್ ಚಮಚ, ತೆಳುವಾದ ಹಳೆಯ ಮಲ್ ಪಂಚೆಯ ತುಂಡು, ಒಂದು ಮಾಸ್ಕ್, ಅಗಲ ಬಾಯಿಯ ಸಣ್ಣ ಗಾಜಿನ ಡಬ್ಬಿಗಳು. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ತಗುಲಿ ಕಪ್ಪಾಗುತ್ತದೆ.

ಮಿಕ್ಸಿ ಜಾರಿನ ವಿಷಯದಲ್ಲಿ ಜಾಗ್ರತೆ. ಚಟ್ನಿ, ಸಾರಿನಪುಡಿ ಮಾಡಿದ ಜಾರನ್ನು ಎಷ್ಟು ತೊಳೆದರೂ ಬ್ಲೇಡ್ ಕೆಳಗೆ ಖಾರ ಉಳಿದಿರುತ್ತದೆ. ಬಾಯಿ ಉರಿ ಅಂತ ಲವಂಗವನ್ನು ಬೈಯುವವರು ಒಮ್ಮೆ ಜಾರನ್ನು ಮೂಸಿ ನೋಡಿ.

ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೋ ಫ್ಯಾನ್ ಕೆಳಗೋ ಒಣಗಿಸಿ. ಡಬ್ಬಿಯ ಮುಚ್ಚಳದ ತಿರುಪಿನೊಳಗೆ ಒಂದು ಹನಿ ನೀರು ಅಡಗಿರುತ್ತದೆ. ಬಟ್ಟೆಯ ತುದಿ ತೂರಿಸಿ ಅದನ್ನೂ ಒರೆಸಿ. ಬೂಷ್ಟು ಎಷ್ಟೋ ಸಲ ಅಲ್ಲಿಂದಲೇ ಶುರುವಾಗುವುದು.

## ಹಂತ 3: ಎಣ್ಣೆಗೆ ಲವಂಗದ ಸಾರ ಇಳಿಸುವುದು

ಲವಂಗದ ಪುಡಿಯನ್ನೇ ಪೇಸ್ಟಿಗೆ ಹಾಕಿದರೆ ನಾರು ನಾರಾಗಿ ಹಲ್ಲಿನ ಸಂದಿಗೆ ಸೇರುತ್ತದೆ. ಅದಕ್ಕೇ ಸಾರವನ್ನಷ್ಟೇ ಎಣ್ಣೆಗೆ ಇಳಿಸಬೇಕು.

ಲವಂಗವನ್ನು ಕುಟ್ಟಾಣಿಯಲ್ಲಿ ಒಂದೆರಡು ಏಟು ಹಾಕಿ ಒಡೆಯಿರಿ, ಪುಡಿ ಮಾಡಬೇಡಿ. ಎಣ್ಣೆಯ ಬಟ್ಟಲಿಗೆ ಹಾಕಿ. ಆ ಬಟ್ಟಲನ್ನು ಬಿಸಿನೀರಿರುವ ಪಾತ್ರೆಯ ಮೇಲೆ ಕೂರಿಸಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಎಣ್ಣೆಗೆ ನೇರ ಉರಿ ತಾಗಬಾರದು, ಲವಂಗ ಚಟಪಟ ಎನ್ನಬಾರದು. ಒಗ್ಗರಣೆಯ ಸದ್ದು ಬಂದರೆ ಘಮ ಹಾರಿಹೋಯಿತು ಎಂದೇ ಲೆಕ್ಕ. ಪಾತ್ರೆಯ ಹಬೆ ಎಣ್ಣೆಗೆ ಬೀಳದಂತೆ ನೋಡಿಕೊಳ್ಳಿ. ಕೊನೆಗೆ ಒಣ ಬಟ್ಟೆಯಲ್ಲಿ ಸೋಸಿ, ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಆರಲು ಬಿಡಿ.

ಹಸಿ ಬೇವಿನೆಲೆ, ಹಸಿ ತುಳಸಿ, ಹಸಿ ಪುದೀನಾ ಎಣ್ಣೆಗೆ ಹಾಕಬೇಡಿ. ಎಲೆಯಲ್ಲಿರುವ ನೀರು ಎಣ್ಣೆಗೆ ಇಳಿಯುತ್ತದೆ.

ಅಂಗಡಿಯ ಲವಂಗದ ಎಣ್ಣೆಯನ್ನೇ ಬಳಸುವುದಾದರೆ ಇಷ್ಟು ಪೇಸ್ಟಿಗೆ ನಾಲ್ಕು ಹನಿ ಮೀರಬೇಡಿ. ಅದರಲ್ಲಿರುವ ಯುಜೆನಾಲ್ ಜಾಸ್ತಿಯಾದರೆ ಒಸಡಿನ ಮೇಲ್ಪದರ ಸುಟ್ಟು ಬಿಳಿಯಾಗುತ್ತದೆ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡು ಬಾಯಿ ಸುಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕರ್ಪೂರ ಹಾಕುವ ಯೋಚನೆಯಂತೂ ಬೇಡ. ಪೂಜೆಯ ಕರ್ಪೂರ ಬಾಯಿಗೆ ಹಾಕುವಂಥದ್ದಲ್ಲ, ಚಿಕ್ಕ ಮಕ್ಕಳಿಗೆ ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

## ಹಂತ 4: ಪುಡಿ ಜರಡಿ ಹಿಡಿಯುವುದು

ಇಡೀ ಕೆಲಸದಲ್ಲಿ ಬೇಸರ ತರಿಸುವ ಹಂತ ಇದು. ಬಿಟ್ಟುಬಿಡೋಣ ಅನ್ನಿಸುವುದೂ ಇದನ್ನೇ. ಪೇಸ್ಟ್ ಬಾಯಿಗೆ ಹಾಕುವಂತಾಗುತ್ತದೋ ಇಲ್ಲವೋ ಎನ್ನುವುದು ಮಾತ್ರ ಇಲ್ಲೇ ತೀರ್ಮಾನವಾಗುತ್ತದೆ.

ಹಿಟ್ಟಿನ ಜರಡಿ ಸಾಲದು. ಅದರ ಕಣ್ಣು ರಾಗಿ ಹಿಟ್ಟಿಗೆ ಸರಿ, ಹಲ್ಲಿಗೆ ದೊಡ್ಡದು. ಆಯುರ್ವೇದದವರು ಚೂರ್ಣವನ್ನು ವಸ್ತ್ರಗಾಳಿತ ಮಾಡುತ್ತಾರಲ್ಲ, ಹಾಗೇ ಮಾಡಬೇಕು. ಡಬ್ಬಿಯ ಬಾಯಿಗೆ ಮಲ್ ಬಟ್ಟೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿ. ಮಧ್ಯೆ ಎರಡು ಚಮಚ ಪುಡಿ ಹಾಕಿ, ಬೆರಳಿನಿಂದ ಮೆಲ್ಲಗೆ ಸುತ್ತು ತಿರುಗಿಸಿ. ಒತ್ತಿ ಉಜ್ಜಿದರೆ ದಪ್ಪ ಕಾಳೂ ಬಟ್ಟೆಯ ಎಳೆ ಸರಿಸಿಕೊಂಡು ಕೆಳಗಿಳಿಯುತ್ತದೆ. ಬಟ್ಟೆಯ ಮೇಲೆ ಕೊನೆಗೆ ತರಿ ಉಳಿದರೆ ಎಸೆಯಿರಿ, ಕುಟ್ಟಿ ಮತ್ತೆ ಸೇರಿಸುವ ಜಿಪುಣತನ ಬೇಡ. ಮೂಗಿಗೆ ಮಾಸ್ಕ್ ಇರಲಿ, ಫ್ಯಾನ್ ಆಫ್ ಮಾಡಿ.

ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಸೋಡಾ, ಕೊನೆಗೆ ಕ್ಸೈಲಿಟಾಲ್. ಮೂರನ್ನೂ ಬೇರೆ ಬೇರೆಯಾಗಿ ಜರಡಿ ಹಿಡಿದು, ಆಮೇಲೆ ತೂಕ ಮಾಡಿ, ಒಣಗಿದ್ದಂತೆಯೇ ಚೆನ್ನಾಗಿ ಬೆರೆಸಿ. ಎಣ್ಣೆ ಬಿದ್ದ ಮೇಲೆ ಸೋಡಾದ ಗಂಟು ಒಡೆಯುವುದಿಲ್ಲ. ಒಂದು ದಿನ ಸಪ್ಪೆ, ಇನ್ನೊಂದು ದಿನ ಬಾಯೆಲ್ಲ ಉಪ್ಪುಪ್ಪು ಅನ್ನಿಸುವುದು ಇಂಥ ಗಂಟಿನಿಂದ.

ಇಷ್ಟು ನುಣುಪು ಯಾಕೆ ಎಂದರೆ, ಹಲ್ಲಿನ ಹೊರಪದರ ಎನಾಮೆಲ್ ಗಟ್ಟಿ. ಗಡಸುತನ ಅಳೆಯುವ ಮೋಹ್ಸ್ ಮಾಪನದಲ್ಲಿ ಅದಕ್ಕೆ ಸುಮಾರು 5. ಒಸಡಿನ ಹತ್ತಿರ, ಬೇರಿನ ಕಡೆ ತೆರೆದುಕೊಳ್ಳುವ ಒಳಪದರ ಡೆಂಟಿನ್‌ಗೆ 2ರಿಂದ 2.5 ಅಷ್ಟೇ. ಅಡುಗೆ ಸೋಡಾ 2.5, ಕ್ಯಾಲ್ಸಿಯಂ ಕಾರ್ಬೊನೇಟ್ 3, ಮರಳು 7. ಅಂದರೆ ಒಸಡು ಕೆಳಗಿಳಿದವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ತರಿಯಾಗಿದ್ದರೆ ತೊಂದರೆಯೇ. ಅಂಗಡಿ ಪೇಸ್ಟ್ ಹಲ್ಲನ್ನು ಎಷ್ಟು ಸವೆಸುತ್ತದೆ ಎಂಬುದಕ್ಕೆ ಆರ್‌ಡಿಎ ಎಂಬ ಅಳತೆ ಇದೆ, ಅದು 250 ಮೀರಬಾರದು. ಅದನ್ನು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಬಟ್ಟೆ ಜರಡಿ ಒಂದೇ.

ಮೊಟ್ಟೆ ಚಿಪ್ಪಿನ ಪುಡಿ ಹಾಕಬಹುದಾ ಎಂದು ಕೇಳುವವರು ಬಹಳ. ಅದೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಆದರೆ ಮನೆ ಮಿಕ್ಸಿಯಲ್ಲಿ ಅದು ಬೇಕಾದಷ್ಟು ನುಣ್ಣಗಾಗುವುದಿಲ್ಲ. ಬಟ್ಟೆಯಲ್ಲಿ ಹಿಡಿದರೆ ಮುಕ್ಕಾಲು ಪಾಲು ಮೇಲೇ ಉಳಿಯುತ್ತದೆ. ಗಿಡಕ್ಕೆ ಹಾಕಿ, ಹಲ್ಲಿಗೆ ಬೇಡ. ಉಮಿಕರಿಯ ಕಥೆಯೂ ಅಷ್ಟೇ. ಭತ್ತದ ಉಮಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹಲ್ಲು ಫಳಫಳ ಹೊಳೆಯುತ್ತದೆ, ನಿಜ. ಹೊಳಪಿನ ಜೊತೆಗೆ ಪದರವೂ ಹೋಗುತ್ತಿರುತ್ತದೆ.

## ಹಂತ 5: ಕಲಸುವುದು

ಪುಡಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ಪುಡಿ ಅಲ್ಲ. ಎಣ್ಣೆಗೆ ಪುಡಿ ಸುರಿದರೆ ಹೊರಗೆ ಎಣ್ಣೆ, ಒಳಗೆ ಒಣ ಪುಡಿ ಇರುವ ಗುಳಿಗೆಗಳಾಗುತ್ತವೆ.

ಪುಡಿಯ ಮಧ್ಯೆ ಗುಳಿ ಮಾಡಿ, ಒಂದೊಂದೇ ಚಮಚ ಎಣ್ಣೆ ಬಿಡುತ್ತಾ ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ತೀಡಿ. ಮೂರನೇ, ನಾಲ್ಕನೇ ಚಮಚದವರೆಗೆ ಉದುರುದುರಾಗಿ ಇರುತ್ತದೆ. ಎಣ್ಣೆ ಸಾಲದು ಅಂತ ಗಾಬರಿಯಾಗಿ ಒಟ್ಟಿಗೇ ಸುರಿಯಬೇಡಿ. ತೀಡುತ್ತಾ ಹೋದ ಹಾಗೆ ಒಂದು ಹಂತದಲ್ಲಿ ತಟ್ಟನೆ ಒಂದಾಗುತ್ತದೆ. ಸುಮಾರು 35 ಗ್ರಾಂ ಹೋದ ಮೇಲೆ ನಿಲ್ಲಿಸಿ ನೋಡಿ. ಚಮಚ ಎತ್ತಿದರೆ ತಟಕ್ಕನೆ ಬೀಳದೆ, ನಿಧಾನಕ್ಕೆ ಜಾರಿ ಬಿದ್ದರೆ ಸರಿ. ಇನ್ನೂ ಗಟ್ಟಿ ಅನ್ನಿಸಿದರೆ ಅರ್ಧರ್ಧ ಚಮಚ ಸೇರಿಸಿ. 45 ಗ್ರಾಂ ದಾಟಬೇಕಾಗಿ ಬಂದರೆ ನಿಮ್ಮ ಪುಡಿ ಬಹಳ ಹಗುರದ್ದು, ಮುಂದಿನ ಸಲ ಪುಡಿಯನ್ನೇ ಸ್ವಲ್ಪ ಕಡಿಮೆ ಮಾಡಿ.

ಎಣ್ಣೆ ಬೆಚ್ಚಗಿದ್ದರೆ ಸಾಕು, ಸುಡುತ್ತಿರಬಾರದು. ಸೋಡಾ ಸೇರಿದ ಬಟ್ಟಲನ್ನು ಒಲೆಯ ಮೇಲೆ ಇಡಲೂಬಾರದು. ಅಡುಗೆ ಸೋಡಾ ಕಾದರೆ ನಿಧಾನಕ್ಕೆ ಬಟ್ಟೆ ಸೋಡಾವಾಗಿ ಬದಲಾಗುತ್ತದೆ. ‘ಸೋಡಾ ಹಸಿ ವಾಸನೆ ಹೋಗಲಿ’ ಅಂತ ಹುರಿಯುವವರಿಗೆ ಬಾಯಿ ಸುಲಿಯುವುದು ಅದಕ್ಕೇ.

ನಿಂಬೆರಸ ಹಿಂಡಬೇಡಿ. ಬುಸ್ಸೆಂದು ನೊರೆ ಬಂದಾಗ ಏನೋ ಶಕ್ತಿ ಬಂತು ಅನ್ನಿಸುತ್ತದೆ. ಆಗಿದ್ದಿಷ್ಟೇ: ಸೋಡಾ ಮತ್ತು ಹುಳಿ ಎರಡೂ ಒಂದನ್ನೊಂದು ಕೊಂದುಕೊಂಡವು, ಪೇಸ್ಟಿಗೆ ನೀರು ಸೇರಿತು. ಉಳಿದ ಹುಳಿ ಎನಾಮೆಲ್ ಕರಗಿಸುತ್ತದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು, ನಿಂಬೆರಸದ ಪಿಎಚ್ ಎರಡರ ಆಸುಪಾಸು.

## ಹಂತ 6: ತಣಿಸುತ್ತಾ ತಿರುಗಿಸುವುದು

ಎಣ್ಣೆ ಮೇಲೆ, ಪುಡಿ ಕೆಳಗೆ ಎನ್ನುವವರೆಲ್ಲ ಈ ಹಂತ ಬಿಟ್ಟವರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಮೇಲೆ ಬರೀ ಎಣ್ಣೆ, ಅದರಲ್ಲಿ ಪುಡಿ ತೇಲಿಕೊಂಡು ಇರುವುದಿಲ್ಲ, ಮುಳುಗುತ್ತದೆ. ಕಲಸಿ ಹಾಗೇ ಡಬ್ಬಿಗೆ ಸುರಿದು ಇಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಎರಡು ಪದರ.

ಅಗಲ ಪಾತ್ರೆಯಲ್ಲಿ ತಣ್ಣೀರು, ಒಂದಷ್ಟು ಐಸ್ ಹಾಕಿ. ಬಟ್ಟಲನ್ನು ಅದರಲ್ಲಿ ಕೂರಿಸಿ ತಿರುಗಿಸುತ್ತಲೇ ಇರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಟ್ಟಲಿನ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಅದನ್ನು ಕೆರೆದು ಒಳಗೆ ಸೇರಿಸಿ. ಚಮಚ ಎಳೆದ ಜಾಡು ಮೊದಲು ಕೂಡಲೇ ಮುಚ್ಚಿಕೊಳ್ಳುತ್ತಿದ್ದದ್ದು, ಈಗ ಮುಚ್ಚಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಆಗ ಪುದೀನಾ ಎಣ್ಣೆಯ ಎಂಟು ಹನಿ ಹಾಕಿ. ಮೊದಲೇ ಹಾಕಿದ್ದರೆ ಬಿಸಿಗೆ ಅರ್ಧ ಹಾರಿಹೋಗುತ್ತಿತ್ತು. ಆ ಜಾಡು ಹಾಗೇ ಉಳಿದು, ಪೇಸ್ಟ್ ಹೊಸದಾಗಿ ಕಡೆದ ಬೆಣ್ಣೆಯ ಹದಕ್ಕೆ ಬಂದಾಗ ಪಾತ್ರೆಯಿಂದ ತೆಗೆಯಿರಿ. ಬಟ್ಟಲಿನ ತಳಕ್ಕೆ ಅಂಟಿದ ನೀರನ್ನು ಒರೆಸಿಯೇ ಡಬ್ಬಿಗೆ ಬಗ್ಗಿಸಿ.

ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯಲ್ಲಿ ಚಳಿಗಾಲದ ಬೆಳಗ್ಗೆ ಇದು ಗಟ್ಟಿಯಾಗುವುದು ಸಹಜ, ಕೆಟ್ಟಿಲ್ಲ. ಡಬ್ಬಿಯನ್ನು ಐದು ನಿಮಿಷ ಬಿಸಿನೀರಿನ ಬಟ್ಟಲಿನಲ್ಲಿ ಇಡಿ, ಮುಚ್ಚಳ ಬಿಗಿಯಾಗಿರಲಿ. ಚಳಿಗಾಲಕ್ಕೆಂದೇ ಮಾಡುವಾಗ ಕಾಲು ಭಾಗ ಕೊಬ್ಬರಿ ಎಣ್ಣೆಯ ಬದಲು ಎಳ್ಳೆಣ್ಣೆ ಹಾಕಿದರೆ ಮೆತ್ತಗೆ ಉಳಿಯುತ್ತದೆ. ಒಗ್ಗರಣೆಯ ಸುಟ್ಟ ಎಳ್ಳಿನ ವಾಸನೆ ಇರುವುದು ಬೇಡ, ತಿಳಿ ಬಣ್ಣದ್ದು ಆರಿಸಿಕೊಳ್ಳಿ.

ಕಲಬುರಗಿ, ರಾಯಚೂರಿನ ಬೇಸಿಗೆಗೆ ಕೊಬ್ಬರಿ ಎಣ್ಣೆಯ ಪೇಸ್ಟ್ ನಿಲ್ಲುವುದೇ ಇಲ್ಲ. ದಿನಾ ಕಲಕಿಕೊಂಡು ಬಳಸುವ ತಾಳ್ಮೆ ಇದ್ದರೆ ಸರಿ. ಇಲ್ಲದಿದ್ದರೆ ಎಣ್ಣೆಯ ಬದಲು ಅಷ್ಟೇ ತೂಕದ ಗ್ಲಿಸರಿನ್ ಹಾಕಿ, ಅದು ಸೆಕೆಗೆ ಎಣ್ಣೆಯಷ್ಟು ನೀರಾಗುವುದಿಲ್ಲ. ಲವಂಗ ಇಳಿಸುವ ಹಂತ ಆಗ ಇರುವುದಿಲ್ಲ, ಪುದೀನಾ ಎಣ್ಣೆಯೊಂದೇ ಸಾಕು. ಆದರೆ ಗ್ಲಿಸರಿನ್ ಐಪಿ ಅಥವಾ ಆಹಾರ ದರ್ಜೆಯದೇ ಆಗಿರಬೇಕು, ಬಾಟಲಿಯ ಸೀಲ್ ಒಡೆದಿರಬಾರದು. ಬಿಡಿಯಾಗಿ ಅಳೆದು ಕೊಡುವುದನ್ನು ಕೊಳ್ಳಲೇಬೇಡಿ. ಗ್ಲಿಸರಿನ್ ಹೆಸರಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆಯುವುದುಂಟು. 2007ರಲ್ಲಿ ಪನಾಮಾದಲ್ಲಿ ಆ ವಿಷ ಅಂಗಡಿಯ ಟೂತ್‌ಪೇಸ್ಟ್‌ನಲ್ಲೇ ಸಿಕ್ಕಿತ್ತು.

## ಹಂತ 7: ಬಾಯಿಗೆ ಹಾಕುವ ಮುಂಚಿನ ಪರೀಕ್ಷೆ

ಕಾಳಿನಷ್ಟು ಪೇಸ್ಟ್ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ. ಜಾರಬೇಕು, ತರಿ ಸಿಗಬಾರದು. ಆಮೇಲೆ ಒಂದು ಖಾಲಿ ಗಾಜಿನ ಬಾಟಲಿಯ ಮೇಲೆ ಹಚ್ಚಿ, ಹಳೆ ಬ್ರಶ್ಶಿನಿಂದ ಒಂದು ನಿಮಿಷ ಉಜ್ಜಿ ತೊಳೆದು ಬೆಳಕಿಗೆ ಹಿಡಿಯಿರಿ. ಗೀರು ಕಂಡರೆ ಪುಡಿಯಲ್ಲಿ ಮರಳಿನಂಥ ಗಟ್ಟಿ ಕಣ ಇದೆ, ಪೂರ್ತಿ ಎಸೆಯಿರಿ. ಗಾಜು ಎನಾಮೆಲ್‌ಗಿಂತ ತುಸು ಗಟ್ಟಿ. ಗಾಜನ್ನೇ ಗೀರಿದ್ದು ಹಲ್ಲನ್ನು ಬಿಡುತ್ತದಾ? ಗೀರು ಬೀಳಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ, ಬೆರಳಿನ ಪರೀಕ್ಷೆಯಲ್ಲೂ ಪಾಸಾಗಿರಬೇಕು.

ಕೊನೆಗೆ ಕೆಳತುಟಿಯ ಒಳಗೆ ಸ್ವಲ್ಪ ಸವರಿ ಎರಡು ನಿಮಿಷ ಬಿಡಿ. ತಣ್ಣಗೆ ಚುರುಗುಟ್ಟುವುದು ಪುದೀನಾದ್ದು, ಅದು ಸರಿ. ಉರಿ ಏರುತ್ತಾ ಹೋದರೆ ತೊಳೆದುಕೊಳ್ಳಿ, ಆ ಪೇಸ್ಟ್ ಬಳಸಬೇಡಿ.

## ಹಂತ 8: ತುಂಬಿಡುವುದು, ಬಳಸುವುದು

ಒಂದು ದೊಡ್ಡ ಡಬ್ಬಿಗಿಂತ ತಲಾ ಒಂದು ಸಣ್ಣ ಡಬ್ಬಿ ಒಳ್ಳೆಯದು. ಒದ್ದೆ ಬ್ರಶ್ಶನ್ನು ಡಬ್ಬಿಗೆ ಅದ್ದುವುದು ಈ ಪೇಸ್ಟ್‌ನ ದೊಡ್ಡ ಶತ್ರು. ನೀರು, ಎಂಜಲು, ಬ್ಯಾಕ್ಟೀರಿಯಾ ಮೂರೂ ಒಟ್ಟಿಗೆ ಒಳಗೆ ಹೋಗುತ್ತವೆ. ಐಸ್‌ಕ್ರೀಮ್ ಕಡ್ಡಿಯಲ್ಲಿ ತೆಗೆದು ಬ್ರಶ್ಶಿಗೆ ಹಚ್ಚಿಕೊಳ್ಳಿ, ಕಡ್ಡಿಯನ್ನು ಒಣಗಿದ ಲೋಟದಲ್ಲಿ ಇಡಿ. ಮನೆಗೆ ನೆಂಟರು ಬಂದಾಗ ಈ ನಿಯಮ ಮುರಿಯುವುದು ಗ್ಯಾರಂಟಿ, ಅವರಿಗೆ ಬೇರೆ ಡಬ್ಬಿ ಕೊಡಿ.

ಮಾಡಿದ ತಾರೀಖು ಬರೆದು ಅಂಟಿಸಿ. ಒಂದು ತಿಂಗಳಲ್ಲಿ ಖಾಲಿಯಾಗುವಷ್ಟೇ ಮಾಡಿ. ನೀರು ಸೇರದ ಪೇಸ್ಟ್ ಅದಕ್ಕಿಂತ ಹೆಚ್ಚು ದಿನ ಇರುತ್ತದೆ. ಆದರೆ ಬಚ್ಚಲುಮನೆಯ ತೇವದಲ್ಲಿ ದಿನಕ್ಕೆರಡು ಸಲ ತೆರೆಯುವ ಡಬ್ಬಿಯನ್ನು ಅಷ್ಟು ನಂಬಬೇಡಿ.

ಕಡಲೆಕಾಳಿನಷ್ಟು ಪೇಸ್ಟ್, ಮೆತ್ತನೆ ಎಳೆಯ ಬ್ರಶ್, ಎರಡು ನಿಮಿಷ. ನೊರೆ ಬರುವುದಿಲ್ಲ. ನೊರೆ ಬರಿಸಲು ಅಂಗಡಿ ಪೇಸ್ಟ್‌ಗೆ ಬೇರೆಯೇ ರಾಸಾಯನಿಕ ಹಾಕಿರುತ್ತಾರೆ, ಹಲ್ಲು ಶುಚಿಯಾಗಲು ಅದು ಬೇಕಿಲ್ಲ. ಆದರೆ ನೊರೆ ಕಾಣಲಿಲ್ಲ ಅಂತ ಸುಮ್ನೆ ಜೋರಾಗಿ ತಿಕ್ಕುವವರಿದ್ದಾರೆ. ಆ ತಿಕ್ಕಾಟದಿಂದ ಆಗುವ ಹಾನಿ ಪೇಸ್ಟಿನಿಂದ ಆಗುವುದಕ್ಕಿಂತ ಜಾಸ್ತಿ. ನೊರೆಗಾಗಿ ಅಂಟುವಾಳದ ಪುಡಿ ಸೇರಿಸುವುದೂ ಬೇಡ, ವಿಪರೀತ ಕಹಿ, ಬಾಯಿ ಚರ್ಮಕ್ಕೆ ಉರಿ. ಹುಳಿ ಹಣ್ಣು, ಜ್ಯೂಸ್ ಆದ ಮೇಲೆ ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ.

ಉಗಿದ ಎಣ್ಣೆ ಚಳಿಗೆ ಸಿಂಕಿನ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪಿವಿಸಿ ಪೈಪ್ ತಾಳುವುದಿಲ್ಲ.

## ಎರಡನೇ ಸಲಕ್ಕೆ: ಬೇವು, ತ್ರಿಫಲ, ಅರಿಶಿನ

ಮೊದಲ ಪೇಸ್ಟ್ ಸರಿಯಾಗಿ ಬಂದ ಮೇಲೆ ಯಾವುದಾದರೂ ಒಂದನ್ನು ಸೇರಿಸಿ ನೋಡಬಹುದು, 100 ಗ್ರಾಂಗೆ 2 ಗ್ರಾಂ ಮೀರದಂತೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬಾಯಿಗೆ ಒಗ್ಗದಿದ್ದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಬೇವಿನೆಲೆಯನ್ನು ಹಿಡಿದರೆ ಪುಡಿಪುಡಿಯಾಗುವಷ್ಟು ನೆರಳಲ್ಲಿ ಒಣಗಿಸಿ, ಅರೆದು, ಎರಡು ಸಲ ಬಟ್ಟೆಯಲ್ಲಿ ಹಿಡಿಯಬೇಕು. ಗಿಡಮೂಲಿಕೆ ಪುಡಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಈ ಪ್ರಯೋಗ ಬೇಡ.

ಅರಿಶಿನ ಹಾಕಿದವರು ಒಮ್ಮೆಯಾದರೂ ಹೆದರುತ್ತಾರೆ. ಡಬ್ಬಿಯಲ್ಲಿ ಹಳದಿಯಾಗಿದ್ದ ಪೇಸ್ಟ್, ಉಗಿದಾಗ ಕೆಂಪಗೆ. ರಕ್ತ ಅಲ್ಲ. ಎಂಜಲಿನಲ್ಲಿ ಕರಗಿದ ಸೋಡಾ ಅರಿಶಿನದ ಬಣ್ಣ ತಿರುಗಿಸಿದ್ದು. ತೊಂದರೆ ಇರುವುದು ಬೇರೆ ಕಡೆ: ನಿಜವಾಗಿ ಒಸಡಲ್ಲಿ ರಕ್ತ ಬಂದಾಗಲೂ ಅರಿಶಿನ ಅಂತ ಸುಮ್ಮನಾಗಿಬಿಡುತ್ತೇವೆ. ಈ ಒಂದು ಕಾರಣಕ್ಕೆ ನಾನು ಅರಿಶಿನ ಬೇಡ ಎನ್ನುತ್ತೇನೆ.

ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ, ಇನ್ಯಾವುದೋ ಜೇಡಿಮಣ್ಣು ಹಾಕಬೇಡಿ. ಹೆಸರಿಲ್ಲದ ಕೆಂಪು ಹಲ್ಲುಪುಡಿಯನ್ನು ಇದಕ್ಕೆ ಬೆರೆಸುವುದೂ ಬೇಡ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ಹೊಗೆಸೊಪ್ಪು ಬಳಸಬಾರದೆಂದು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅಂಥ ನಿಷೇಧ ಬೇಕಾಯಿತು ಎಂದರೆ ಏನು ಮಾರುತ್ತಿದ್ದರು ಅಂತ ನೀವೇ ಊಹಿಸಿ.

## ನಿಲ್ಲಿಸಬೇಕಾದ ಸೂಚನೆಗಳು

ಡಬ್ಬಿಯಲ್ಲಿ ಹಸಿರು, ಕಪ್ಪು ಚುಕ್ಕೆ ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸುವ ಲೆಕ್ಕಾಚಾರ ಬೇಡ, ಪೂರ್ತಿ ಎಸೆಯಿರಿ. ಹಳೆ ಕೊಬ್ಬರಿಯ ಕಮಟು ವಾಸನೆ ಬಂದರೂ ಅಷ್ಟೇ. ಎಣ್ಣೆ ಮೇಲೆ ತೇಲಿದ್ದರೆ ಮಾತ್ರ ಗಾಬರಿ ಬೇಡ, ಹಂತ 6 ಮತ್ತೆ ಮಾಡಿದರೆ ಸರಿಹೋಗುತ್ತದೆ.

ಬಾಯಲ್ಲಿ ಕಾಣುವ ಸೂಚನೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಸಡಿನ ಅಂಚು ಬಿಳಿಯಾಗಿ ಸುಲಿಯುವುದು, ನಾಲಿಗೆ ಉರಿ, ಮೇಲಿಂದ ಮೇಲೆ ಬಾಯಿಹುಣ್ಣು ಇವೆಲ್ಲ ಸೋಡಾ ಅಥವಾ ಲವಂಗ ಜಾಸ್ತಿಯಾದದ್ದರ ಗುರುತು. ಒಂದೆರಡು ವಾರ ನಿಲ್ಲಿಸಿ ನೋಡಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನಲು ಶುರುವಾದರೆ, ಒಸಡಿನ ಹತ್ತಿರ ಹಲ್ಲಿನಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಕಚ್ಚು ಬಿದ್ದಿದ್ದರೆ, ಹಲ್ಲು ಮೊದಲಿಗಿಂತ ಹಳದಿ ಕಂಡರೆ ಸವೆತ ಆಗುತ್ತಿದೆ. ಹಳದಿ ಎಂದರೆ ಕೊಳೆ ಅಂತ ಇನ್ನೂ ಜೋರಾಗಿ ಉಜ್ಜುತ್ತೇವೆ. ಆದರೆ ಎನಾಮೆಲ್ ತೆಳುವಾದಾಗ ಒಳಗಿನ ಡೆಂಟಿನ್‌ನ ಹಳದಿಯೇ ಹೊರಗೆ ಕಾಣುವುದು. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಹಲ್ಲಿನಲ್ಲಿ ಸೀಮೆಸುಣ್ಣದಂಥ ಮಬ್ಬು ಬಿಳಿ ಕಲೆ ಹೊಸದಾಗಿ ಕಂಡರೆ ಅದು ಹುಳುಕಿನ ಮೊದಲ ಗುರುತಾಗಿರಬಹುದು. ಆಗ ಫ್ಲೋರೈಡ್ ಪೇಸ್ಟಿಗೆ ಮರಳಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಹೋಗುವಾಗ ಈ ಡಬ್ಬಿಯನ್ನೂ, ಹಾಕಿದ ಸಾಮಾನಿನ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.